ಕೈ ಎತ್ತಿದಲ್ಲಿ ನಿಲ್ಲುವ ಸೈಕಲ್ಲು

ಬುರಾನುದ್ದೀನ ಚಾಚಾರ ಬೇಕರಿಯ ಹಿಂಬಾಗಿಲಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಆಳಂದದ ಈ ಓಣಿಗೆ ಇನ್ನೂ ಬೆಳಕು ಹರಿದಿಲ್ಲ. ನಾಯಿಗಳೂ ಮಗ್ಗುಲು ಬದಲಿಸಿ ಮತ್ತೆ ಮಲಗುವ ಹೊತ್ತು. ಗೋಡೆಗೆ ಆನಿಸಿ ನಿಲ್ಲಿಸಿದ ಕಪ್ಪು ಸೈಕಲ್ಲಿಗೆ ಸಂಘಮಿತ್ರಾ ಹೊರೆ ಕಟ್ಟುತ್ತಿದ್ದಾರೆ. ಕ್ಯಾರಿಯರ್ ಮೇಲೆ ಅವರಿಗಿಂತ ಅಗಲವಾದ ಬುಟ್ಟಿ. ಅದರೊಳಗೆ ಒಂದಕ್ಕೊಂದು ಅಂಟಿಕೊಂಡೇ ಬೆಂದ ಬಿಸಿ ಪಾವು. ಅಂಟಿಕೊಂಡ ಇಡೀ ಸಾಲಿಗೆ ಇಲ್ಲಿನವರು ಲಾದಿ ಎನ್ನುತ್ತಾರೆ. ಲಾದಿಯ ಮೇಲೆ ಲಾದಿ, ಅದರ ಮೇಲೆ ಪದರು ಪದರಿನ ಖಾರಿ ಬಿಸ್ಕತ್ತು, ಟೋಸ್ಟು, ಎಲ್ಲದರ ಮೇಲೆ ಪ್ಲಾಸ್ಟಿಕ್ ಹಾಳೆ. ಹಳೆಯ ಟ್ಯೂಬಿನ ರಬ್ಬರು ಸುತ್ತಿ ಎಳೆದು ಗಂಟು ಹಾಕುವಾಗ ಅವರು ಹಲ್ಲು ಕಚ್ಚುತ್ತಾರೆ. ಗಂಟು ಬಿಗಿಯಾದ ಮೇಲೆ ಬುಟ್ಟಿಯನ್ನೊಮ್ಮೆ ಅಂಗೈಯಿಂದ ತಟ್ಟುತ್ತಾರೆ, ಎಮ್ಮೆಯ ಬೆನ್ನು ತಟ್ಟಿದ ಹಾಗೆ. ಆಮೇಲೆ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಕ್ಯಾನ್ವಾಸ್ ಬೂಟಿನ ಲೇಸು ಕಟ್ಟಿಕೊಂಡು ಹೊರಡುತ್ತಾರೆ.

ಸರಸಂಬಾದ ದಾರಿ ಹಿಡಿದರೆ ಎರಡೂ ಕಡೆ ತೊಗರಿ ಹೊಲ. ಬುಟ್ಟಿಯ ಪಾವಿನ ವಾಸನೆ ಅವರಿಗಿಂತ ಮುಂಚೆ ಊರು ಸೇರುತ್ತದೆ ಎಂದು ಗಿರಾಕಿಗಳು ಚೇಷ್ಟೆ ಮಾಡುತ್ತಾರೆ. ಹೊಲದ ಗುಡಿಸಲ ಮುಂದೆ ಒಬ್ಬ ಮುದುಕಿ ಕೈ ಎತ್ತುತ್ತಾಳೆ, ಸೈಕಲ್ಲು ನಿಲ್ಲುತ್ತದೆ. ಕೂಲಿಗೆ ಹೊರಟ ಹೆಂಗಸರು ಕೈ ಎತ್ತುತ್ತಾರೆ, ಮತ್ತೆ ನಿಲ್ಲುತ್ತದೆ. ಗಿಡದ ಕೆಳಗೆ ಸುಮ್ಮನೆ ಕೂತ ಒಬ್ಬ ಕುರಿಗಾಹಿಯೂ ಕೈ ಎತ್ತುತ್ತಾನೆ. ಅವನಿಗೆ ಪಾವು ಬೇಡ, ಹೊತ್ತೆಷ್ಟಾಯಿತು ಎಂದು ತಿಳಿಯಬೇಕು. ಅವನಿಗಾಗಿಯೂ ಸೈಕಲ್ಲು ನಿಲ್ಲುತ್ತದೆ. ಪ್ರತಿ ಸಲವೂ ಅದೇ ರೀತಿ: ಎಡಗಾಲು ನೆಲಕ್ಕೆ, ಸೊಂಟ ಸೀಟಿಗೆ ಒತ್ತಿ, ಚೌಕಟ್ಟಿಗೆ ಸಿಕ್ಕಿಸಿದ ಕೋಲು ತೆಗೆದು ಕ್ಯಾರಿಯರ್‌ಗೆ ಆಸರೆ ಕೊಡುವುದು.

“ಹೊರಿ ಇದ್ದ ಸೈಕಲ್ ತುಳಿಯೋದು ಯಾರಿಗಾರ ಬರ್ತದ್ರಿ,” ಎನ್ನುತ್ತಾರೆ ಅವರು, ಮುದುಕಿಗೆ ಪಾವು ಮುರಿದು ಕೊಡುತ್ತ. “ನಿಲ್ಲಸೋದು ಕಲೀಬೇಕು. ನಾ ಕಲಿಯೋತನ ಎಷ್ಟು ಸಲ ಪಾವು ಮಣ್ಣಾಗ ಹಾಕೀನೋ.”

ನಲವತ್ತು ದಾಟಿದ ಈ ಹೆಣ್ಣುಮಗಳು ಹೋದ ವರ್ಷ ಮನಾಲಿಯಿಂದ ಲೇಹ್‌ವರೆಗಿನ ಹಿಮದ ಘಟ್ಟಗಳಲ್ಲಿ ಸೈಕಲ್ ತುಳಿದು ಬಂದಿದ್ದಾರೆ. ಸರಸಂಬಾದ ಕಟ್ಟೆಯ ಮೇಲಿನ ಹಿರಿಯರು ಇದನ್ನು ಈಗಲೂ ಜಪ್ಪಯ್ಯ ಎಂದರೂ ನಂಬುವುದಿಲ್ಲ. ಫೋಟೋ ತೋರಿಸಿದರೆ, ಇದು ಸ್ಟುಡಿಯೋದಲ್ಲಿ ಪರದೆ ಕಟ್ಟಿ ತೆಗೆಸಿದ್ದು ಎನ್ನುತ್ತಾರೆ. ಸಂಘಮಿತ್ರಾ ವಾದಕ್ಕೆ ಇಳಿಯುವುದಿಲ್ಲ. ಹೌದ್ರಿ ಎಂದು ನಕ್ಕು, ಅವರ ಕೈಗೆ ಖಾರಿಯ ಪೊಟ್ಟಣ ಕೊಟ್ಟು ಮುಂದೆ ಹೋಗುತ್ತಾರೆ.

ಈ ದಾರಿ ಮೊದಲು ಅವರದಾಗಿರಲಿಲ್ಲ. ಗಂಡ ಜಗದೇವ ಅವರದು. ಸರಸಂಬಾ, ಕಿಣ್ಣಿ ಸುಲ್ತಾನ, ನಡುವಿನ ತಾಂಡಾಗಳು, ಹೊಲದ ಮನೆಗಳು, ಎಲ್ಲ ಕಡೆ ಮುಂಜಾನೆಯ ಪಾವೆಂದರೆ ಜಗದೇವ. ಗಟ್ಟಿ ಆಳು, ಬಾಯಿ ತುಂಬ ಮಾತು, ದಾರಿಯುದ್ದಕ್ಕೂ ಶಿಳ್ಳೆ. ಆರು ವರ್ಷದ ಹಿಂದೆ, ಕಬ್ಬಿನ ಹಂಗಾಮಿನಲ್ಲಿ, ನೆಂಟರ ಮನೆಗೆಂದು ಅಫಜಲಪುರದ ರಸ್ತೆಯಲ್ಲಿ ಹೋಗುತ್ತಿದ್ದಾಗ ಎರಡು ಟ್ರೇಲರ್ ಕಟ್ಟಿದ ಟ್ರಾಕ್ಟರ್ ಒಂದು ಹಿಂದಿನಿಂದ ಬಂದು ಅವರನ್ನು ಸೈಕಲ್ ಸಮೇತ ತಗ್ಗಿಗೆ ಒಗೆದು ಹೋಯಿತು. ತೊಡೆಯ ಎಲುಬು ಮುರಿದಿತ್ತು. ಎಲುಬೇನೋ ಕೂಡಿತು, ಡಾಕ್ಟರು ಎಲ್ಲ ಸರಿಯಾಗಿದೆ ಎಂದರು. ಆದರೆ ಸೈಕಲ್ಲಿನ ಹ್ಯಾಂಡಲ್ ಹಿಡಿದೊಡನೆ ಜಗದೇವ ಅವರಿಗೆ ಬೆನ್ನ ಹಿಂದೆ ಟ್ರೇಲರಿನ ಸದ್ದು ಕೇಳುತ್ತಿತ್ತು. ಅಂಗೈ ಬೆವರುತ್ತಿತ್ತು. ಅವರು ಹ್ಯಾಂಡಲ್ ಬಿಟ್ಟು ಏನೋ ಕೆಲಸ ನೆನಪಾದವರಂತೆ ಒಳಗೆ ಹೋಗಿಬಿಡುತ್ತಿದ್ದರು. ಕೊನೆಗೆ ಚಾಚಾರ ಬೇಕರಿಯಲ್ಲೇ ಹಿಟ್ಟು ನಾದುವ, ಲಾದಿ ಎಣಿಸುವ ಕೆಲಸಕ್ಕೆ ನಿಂತರು. ಮನೆಯಿಂದ ಬೇಕರಿಗೆ ನಡೆದೇ ಹೋಗುತ್ತಿದ್ದರು. ಯಾರಾದರೂ ಕೇಳಿದರೆ ನಡಿಗೆ ಆರೋಗ್ಯಕ್ಕೆ ಛಲೋ ಎಂದು ನಗಾಡುತ್ತಿದ್ದರು.

ಗಂಡ ಹಾಸಿಗೆ ಹಿಡಿದಾಗ ದಾರಿ ತಪ್ಪಬಾರದೆಂದು ಸಂಘಮಿತ್ರಾ ಸೈಕಲ್ ಹತ್ತಿದರು. ಭೀಮಾ ದಂಡೆಯ ತವರಿನಲ್ಲಿ ಅಣ್ಣನ ಸೈಕಲ್ಲನ್ನು ಕದ್ದು ಕಲಿತದ್ದು ಇಷ್ಟು ವರ್ಷದ ಮೇಲೆ ಕೈಗೆ ಬಂತು. ಮೊದಲ ದಿನ ಕಿಣ್ಣಿ ಸುಲ್ತಾನದ ಹತ್ತಿರ ಒಬ್ಬ ಅಜ್ಜಿ ಕೈ ಎತ್ತಿದಳು. ನಿಲ್ಲಿಸಿದರೆ ಹೊರೆ ವಾಲಿ ಬೀಳುತ್ತದೆಂಬ ಹೆದರಿಕೆಗೆ ಇವರು ನಿಲ್ಲಿಸದೆ ಹೋದರು. ಸಂಜೆ ಅದನ್ನು ಗಂಡನ ಮುಂದೆ ಹೇಳಿದಾಗ, ಕಾಲಿಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ ಜಗದೇವ ಎದ್ದು ಕೂತರು. ಅಂದು ಅವರು ಹೇಳಿದ ಮಾತನ್ನು ಸಂಘಮಿತ್ರಾ ಒಂದಕ್ಷರ ಬಿಡದೆ ಹೇಳುತ್ತಾರೆ: “ಕೈ ಎತ್ತಿದವರನ್ನ ದಾಟಿ ಹೋಗಬ್ಯಾಡ. ಒಂದೇ ಪಾವು ತಗೊಂಡ್ರೂ ನಿಲ್ಲು, ಏನೂ ತಗೊಳ್ಳಿಲ್ಲಂದ್ರೂ ನಿಲ್ಲು. ಮುಂಜಾನೆದ್ದು ಅವರು ನೋಡೋ ಮೊದಲ್ನೇ ಮಾರಿ ನಮ್ಮದು.” ಮಲಗಿದಲ್ಲಿಂದಲೇ ಅವರು ಹೆಂಡತಿಗೆ ಹೊರೆ ನಿಲ್ಲಿಸುವ ವಿದ್ಯೆ ಕಲಿಸಿದರು. ಸೊಂಟ ಎಲ್ಲಿ ಒತ್ತಬೇಕು, ಕೋಲು ಎಲ್ಲಿ ಕೊಡಬೇಕು, ಎಲ್ಲ. ಅಂದಿನಿಂದ ಸಂಘಮಿತ್ರಾ ಎತ್ತಿದ ಒಂದು ಕೈಯನ್ನೂ ದಾಟಿ ಹೋಗಿಲ್ಲ. ಊರವರ ಬಾಯಲ್ಲಿ ಅವರ ಹೆಸರು ಪಾವ್ ಬಾಯಿ ಆಯಿತು.

ಸುಮಂಗಲಾ ಅವರ ಪರಿಚಯವಾದದ್ದೂ ಹೀಗೆ ಕೈ ಎತ್ತಿಯೇ. ಸುಮಂಗಲಾ ಜೇವರ್ಗಿ ತಾಲೂಕಿನ ನೆಲೋಗಿಯವರು, ಆಳಂದದ ಶಾಲೆಯೊಂದರಲ್ಲಿ ಆಟದ ಟೀಚರು. ರವಿವಾರ ಬಂತೆಂದರೆ ತೆಳ್ಳನೆಯ ಗಾಲಿಯ ಸೈಕಲ್ ಏರಿ, ತಲೆಗೆ ಹೆಲ್ಮೆಟ್ ಇಟ್ಟು ಸರಸಂಬಾ ಕಡೆ ಹೊರಡುವವರು. ಒಂದು ದಿನ ಹಸಿವಾಗಿ ಪಾವಿಗೆ ಕೈ ಮಾಡಿದರು. ಮುಂದಿನ ರವಿವಾರ ಜೊತೆಗೇ ತುಳಿದರು. ಆಮೇಲೆ ರವಿವಾರವೆಂದರೆ ಇಬ್ಬರೂ ಅಕ್ಕಪಕ್ಕ, ಒಬ್ಬರ ಹಿಂದೆ ಪಾವಿನ ಬುಟ್ಟಿ, ಇನ್ನೊಬ್ಬರ ಹಿಂದೆ ಏನೂ ಇಲ್ಲ. ಕಲಬುರಗಿಯಲ್ಲಿ ಸುಮಂಗಲಾ ಅವರದೊಂದು ಹವ್ಯಾಸಿ ಸೈಕಲ್ ಗುಂಪು ಇತ್ತು. ಹಲ್ಲಿನ ಡಾಕ್ಟರು, ಬ್ಯಾಂಕಿನವರು, ಒಬ್ಬಿಬ್ಬರು ಇಂಜಿನಿಯರು. ಅವರೆಲ್ಲ ಸೇರಿ ಮನಾಲಿ-ಲೇಹ್ ಪ್ರವಾಸಕ್ಕೆ ಹೆಸರು ಕೊಟ್ಟಿದ್ದರು. ಹೊರಡುವುದಕ್ಕೆ ಎರಡು ತಿಂಗಳಿದೆ ಎನ್ನುವಾಗ ಒಬ್ಬರ ಬೆನ್ನು ಹಿಡಿದುಕೊಂಡು ಒಂದು ಜಾಗ ಖಾಲಿ ಉಳಿಯಿತು. ಸುಮಂಗಲಾ ನೇರ ಬೇಕರಿಗೆ ಬಂದು, ಅಕ್ಕಾ, ನೀವು ಬರ್ರಿ ಎಂದರು.

ಮೊದಲು ನಕ್ಕವರು ಜಗದೇವ. ಗುಡ್ಡ ಅಂದರೆ ಏನೆಂದು ಕಂಡಿದ್ದೀಯಾ, ನಮ್ಮ ಕಡೆ ಹುತ್ತಕ್ಕಿಂತ ಎತ್ತರದ್ದು ಏನದ ಎಂದು ಹೆಂಡತಿಯನ್ನು ಕಾಡಿದರು. ಸಂಘಮಿತ್ರಾ ಸುಮ್ಮನೆ ಹಿಟ್ಟಿನ ಕೈ ತೊಳೆದುಕೊಳ್ಳುತ್ತಿದ್ದವರು ತಿರುಗಿ ನಿಂತರು. ಐದು ವರ್ಷ ಗಂಡನಿಗೆ ಒಂದು ಸಲವೂ ಸೈಕಲ್ ಹತ್ತು ಎಂದು ಒತ್ತಾಯ ಮಾಡಿದವರಲ್ಲ. ಅಂದು ಮಾತ್ರ ಚಾಚಾರ ಎದುರಿಗೇ ಪಂಥ ಕಟ್ಟಿದರು.

“ಕಡೀ ಗುಡ್ಡ ನಾ ಗಾಡಿ ಹತ್ತದೆ ಸೈಕಲ್ ತುಳದೇ ದಾಟಿದ್ರ, ನೀವು ಸೈಕಲ್ ಹತ್ತಬೇಕ್ರಿ.”

ಜಗದೇವ ಅವರ ನಗು ಅಲ್ಲಿಗೇ ನಿಂತಿತು. “ನೀ ಸೋತ್ರ?”

“ಸೋತ್ರ ಇನ್ನ ಮ್ಯಾಲ ನಿಮ್ಮ ಮುಂದ ಸೈಕಲ್ಲಿನ ಸುದ್ದಿ ತಗಿಯಂಗಿಲ್ಲ. ಯಾವತ್ತೂ.”

ಜಗದೇವ ಕೈ ಮುಂದೆ ಮಾಡಿದರು. ಸೋತವರು ತಮ್ಮ ಮಾತು ನಡೆಸಿಕೊಡಬೇಕು, ನಾನು ಸಾಕ್ಷಿ ಎಂದು ಬುರಾನುದ್ದೀನ ಚಾಚಾ ಇಬ್ಬರ ಕೈ ಮೇಲೂ ತಮ್ಮ ಕೈ ಇಟ್ಟರು. ಗಂಡನಿಗೆ ಗೆಲ್ಲುವ ಭರವಸೆ ಪೂರ್ತಿ ಇತ್ತು ಎಂದು ಸಂಘಮಿತ್ರಾ ಈಗಲೂ ಹೇಳುತ್ತಾರೆ. ಇಲ್ಲದಿದ್ದರೆ ಅವರು ಕೈ ಕೊಡುತ್ತಲೇ ಇರಲಿಲ್ಲವಂತೆ.

ತಯಾರಿ ಹೇಗೆ ಮಾಡುವುದು? ಹೇಳಿ ಕೇಳಿ ಬಯಲು ಸೀಮೆ. ಸುಮಂಗಲಾ ಒಂದು ದಾರಿ ಹುಡುಕಿದರು: ಏರು ಇಲ್ಲದಿದ್ದರೇನು, ಗಾಳಿ ಇದೆಯಲ್ಲ. ಆಷಾಢದ ಗಾಳಿಗೆ ಎದುರಾಗಿ ಆಳಂದದಿಂದ ಅಫಜಲಪುರ, ಇನ್ನೊಂದು ವಾರ ಜೇವರ್ಗಿ. ಭೀಮಾ ನದಿಯ ಸೇತುವೆಗೆ ಹತ್ತುವ ಏರನ್ನೇ ಹತ್ತಿ ಇಳಿದು, ಹತ್ತಿ ಇಳಿದು, ಮೀನು ಹಿಡಿಯಲು ಕೂತವರಿಗೆ ಇವರನ್ನು ನೋಡುವುದೇ ಒಂದು ಆಟವಾಯಿತು. ನೆಲೋಗಿಯಲ್ಲಿ ಸುಮಂಗಲಾ ಅವರ ಅವ್ವ ರೊಟ್ಟಿ ಬಡಿಸುತ್ತ, ನೀವಿಬ್ಬರೂ ಏನು ತಪ್ಪು ಮಾಡಿದ್ದಕ್ಕೆ ಈ ಶಿಕ್ಷೆ ಎಂದು ಕೇಳಿದರಂತೆ. ಹೊರಡುವ ದಿನ ಜಗದೇವ ಒಂದು ದೊಡ್ಡ ಡಬ್ಬಿ ತುಂಬ ಟೋಸ್ಟು ತಂದುಕೊಟ್ಟರು. ಬೇಕರಿಯಲ್ಲಿ ತಾವೇ ನಿಂತು ಎರಡು ಸಲ ಒಣಗಿಸಿದ್ದು. ಪಂಥದಲ್ಲಿ ಎದುರಾಳಿಯಾದವರು ಹೀಗೆ ಬುತ್ತಿ ಕಟ್ಟಿಕೊಡುವುದನ್ನು ಕಂಡು ಚಾಚಾ ಹೊಟ್ಟೆ ಹಿಡಿದು ನಕ್ಕರು. ಪಾವಿನ ದಾರಿಯನ್ನು ಅಷ್ಟು ದಿನಕ್ಕೆ ಚಾಚಾರ ಅಳಿಯ ಮೆಹಬೂಬ ಮೋಟಾರ್ ಸೈಕಲ್ ಮೇಲೆ ನೋಡಿಕೊಳ್ಳುವುದೆಂದಾಯಿತು.

ಮನಾಲಿಯಲ್ಲಿ ಸಂಘಮಿತ್ರಾ ಅವರಿಗೆ ಗೇರಿನ ಸೈಕಲ್ ಕೊಟ್ಟರು. ಗೇರು ಎರಡು ದಿನಕ್ಕೆ ಕೈವಶವಾಯಿತು. ತೊಂದರೆ ಕೊಟ್ಟದ್ದು ಖಾಲಿ ಕ್ಯಾರಿಯರ್ರೂ ಅಲ್ಲ, ಏರೂ ಅಲ್ಲ. ಕೈಗಳು.

ಆ ಗುಡ್ಡಗಾಡಿನ ಜನ ಬಹಳ ಪ್ರೀತಿಯವರು. ಸೈಕಲ್ಲಿನವರು ಕಂಡರೆ ಸೇಬಿನ ತೋಟದಿಂದ ಹೆಂಗಸರು ಕೈ ಎತ್ತಿ ಜುಲೇ ಎನ್ನುತ್ತಾರೆ. ಅಲ್ಲಿ ಅದು ನಮಸ್ಕಾರ. ಮಿಲಿಟರಿ ಲಾರಿಯಿಂದ ಜವಾನರು ಕೈ ಬೀಸುತ್ತಾರೆ. ರಸ್ತೆ ಕೆಲಸದವರು ಸಲಿಕೆ ಎತ್ತಿ ಹಿಡಿಯುತ್ತಾರೆ. ಉಳಿದ ಸವಾರರೆಲ್ಲ ತಾವೂ ಕೈ ಬೀಸಿ ಮುಂದೆ ಹೋದರು. ಸಂಘಮಿತ್ರಾ ಒಬ್ಬರೇ ಪ್ರತಿ ಕೈಗೂ ಬ್ರೇಕ್ ಹಾಕಿ, ಎಡಗಾಲು ನೆಲಕ್ಕಿಟ್ಟು, ಸೊಂಟ ಸೀಟಿಗೆ ಒತ್ತಿ ನಿಂತರು. ನಿಂತ ಮೇಲೆ ಏನಾದರೂ ಕೊಡದೆ ಹೋಗುವುದು ಹೇಗೆ? ಕೈ ತಾನಾಗಿ ಚೀಲಕ್ಕೆ ಹೋಗುತ್ತಿತ್ತು, ಒಂದು ಟೋಸ್ಟು ಹೊರಗೆ ಬರುತ್ತಿತ್ತು. ಜವಾನರ ಒಂದು ಇಡೀ ಲಾರಿಗೆ ಟೋಸ್ಟು ಹಂಚಿ ಬಂದ ದಿನ ಸುಮಂಗಲಾ ತಲೆ ಮೇಲೆ ಕೈ ಹೊತ್ತು ಕೂತರು. ಎರಡು ಸಲ ಒಣಗಿಸಿದ ಡಬ್ಬಿ ಮೂರನೆಯ ದಿನಕ್ಕೇ ಖಾಲಿ.

ಅವರು ಪಾವು ಕೇಳುತ್ತಿಲ್ಲ ಅಕ್ಕಾ, ಶಾಬಾಸ್ ಅನ್ನುತ್ತಿದ್ದಾರೆ ಎಂದು ಸುಮಂಗಲಾ ಎಷ್ಟು ಸಲ ತಿಳಿಸಿ ಹೇಳಿದರೋ. “ತೆಲಿಗೆ ಗೊತ್ತಿತ್ರಿ,” ಎಂದು ಸಂಘಮಿತ್ರಾ ಈಗ ನಗುತ್ತಾರೆ. “ಬ್ರೇಕ್ ಹಿಡಿಯೋ ಕೈಗೆ ಗೊತ್ತಿರಲಿಲ್ಲ.”

ನಗೆಯ ಮಾತಾದರೂ ಇದರಿಂದ ಕುತ್ತು ಬರುವುದರಲ್ಲಿತ್ತು. ಗುಂಪಿನ ಹಿಂದೆ ಒಂದು ಟೆಂಪೋ ಬರುತ್ತಿತ್ತು, ಸಾಮಾನು, ಔಷಧಿ, ಆಕ್ಸಿಜನ್ ಸಿಲಿಂಡರ್ ಹೊತ್ತು. ಹೊತ್ತಿಗೆ ಸರಿಯಾಗಿ ಮುಟ್ಟದವರನ್ನು ಅದು ಹತ್ತಿಸಿಕೊಳ್ಳುತ್ತಿತ್ತು. ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಉಸಿರು ಹಿಡಿದು ಹೊರಡುವುದಕ್ಕೆ ಎಷ್ಟೋ ಹೊತ್ತು ಬೇಕು. ಸಂಘಮಿತ್ರಾ ದಿನಾ ಎಲ್ಲರಿಗಿಂತ ಹಿಂದೆ, ಟೆಂಪೋದ ಮೂತಿ ಅವರ ಹಿಂದಿನ ಗಾಲಿಗೆ ತಾಗುವಷ್ಟು ಹತ್ತಿರ. ಹೀಗೇ ಆದರೆ ಕೊನೆಯ ಘಟ್ಟ ತಂಗ್ಲಂಗ್ ಲಾ ನಿಮಗೆ ಆಗುವುದಿಲ್ಲ, ಅದು ಎಲ್ಲಕ್ಕಿಂತ ಎತ್ತರದ್ದು, ಮಧ್ಯಾಹ್ನದೊಳಗೆ ದಾಟಲೇಬೇಕು ಎಂದು ಗೈಡ್ ಖಡಾಖಂಡಿತ ಹೇಳಿದ. ಅಂದು ಗುಡಾರದಲ್ಲಿ ಸಂಘಮಿತ್ರಾ ಸರಿಯಾಗಿ ಊಟ ಮಾಡಲಿಲ್ಲ. ಗಂಡನ ಬೆವರಿದ ಅಂಗೈ ಕಣ್ಣೆದುರಿಗೆ ಬಂದು, ನಾನೆಂಥ ಹುಚ್ಚಿ, ಟೋಸ್ಟು ಹಂಚಿ ಪಂಥ ಸೋಲುತ್ತಿದ್ದೇನಲ್ಲ ಎಂದು ತಮ್ಮ ಮೇಲೆ ತಮಗೇ ಸಿಟ್ಟು ಬಂತು.

ಮರುದಿನ ಗಾಟಾ ಎಂಬಲ್ಲಿ ಒಂದರ ಮೇಲೊಂದು ಇಪ್ಪತ್ತೊಂದು ತಿರುವು. ಅಲ್ಲಿ ಸಂಘಮಿತ್ರಾ ತಮ್ಮ ಬಲಗೈಗೆ ಹೊಸ ಪಾಠ ಕಲಿಸಿದರು. ಯಾರಾದರೂ ಕೈ ಎತ್ತಿದರೆ ಬ್ರೇಕಿನ ಬದಲು ಗಂಟೆ ಬಾರಿಸುವುದು, ಗಟ್ಟಿಯಾಗಿ ಜುಲೇ ಎನ್ನುವುದು, ತುಳಿಯುತ್ತಲೇ ಇರುವುದು. ಒಂದು ಸ್ತೂಪದ ಬಳಿ ಕೂತಿದ್ದ ಮುದಿ ಲಾಮಾನಿಗೆ ಮಾತ್ರ ಬಾಯಿ ತಪ್ಪಿ ಜೈ ಭೀಮ ಎಂದರು. ಆತ ಅದನ್ನೂ ನಗುತ್ತ ಒಪ್ಪಿಕೊಂಡ. ಅಂದು ಅವರು ಗುಂಪಿನ ನಡುವಿಗೆ ಬಂದರು. ಅದರ ಮರುದಿನ ಸುಮಂಗಲಾ ಅವರ ಜೊತೆಗೇ. ಹಲ್ಲಿನ ಡಾಕ್ಟರು ತಮ್ಮ ಪಾಲಿನ ಒಣದ್ರಾಕ್ಷಿಯನ್ನು ಇವರ ಚೀಲಕ್ಕೆ ಸುರಿದು, ನೀವು ಗೆಲ್ಲಬೇಕ್ರಿ ಪಾವ್ ಬಾಯಿ, ನಾವೆಲ್ಲ ನಿಮ್ಮ ಕಡೆ ಎಂದರು. ಪಂಥದ ಸುದ್ದಿ ಅಷ್ಟರಲ್ಲಿ ಗುಂಪಿಗೆಲ್ಲ ಹಬ್ಬಿತ್ತು.

ಕೊನೆಯ ಘಟ್ಟದ ದಿನ ಬೆಳಿಗ್ಗೆ ಬಿಸಿಲು ಛಲೋ ಇತ್ತು. ಏರುತ್ತ ಏರುತ್ತ ಗಾಳಿ ತೆಳುವಾಯಿತು. ನಾಲ್ಕು ಸಲ ತುಳಿದರೆ ಎದೆಯೊಳಗೆ ಭಟ್ಟಿ ಹೊತ್ತಿದಂತೆ. ಸುಮಂಗಲಾ ಮುಂದೆ ಹೋಗಿದ್ದರು. ಅಲ್ಲಿ ಯಾರಿಗೂ ಯಾರ ಜೊತೆ ತುಳಿಯುವ ಶಕ್ತಿ ಇರಲಿಲ್ಲ, ಅವರವರ ಉಸಿರು ಅವರವರಿಗೆ. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ತಲೆ ಎತ್ತಿದರೆ ತುದಿಯಲ್ಲಿ ಬಣ್ಣದ ಪತಾಕೆಗಳು ಪಟಪಟ ಹೊಡೆದುಕೊಳ್ಳುವುದು ಕಾಣುತ್ತಿತ್ತು. ನಡುವೆ ಉಳಿದದ್ದು ಎರಡೇ ತಿರುವು. ಸಂಘಮಿತ್ರಾ ಅವರ ಕಣ್ಣಲ್ಲಿ ನೀರು ಬಂತು. ಚಳಿಗಲ್ಲ, ಗೆದ್ದೆ ಎನ್ನುವ ಖುಷಿಗೆ.

ಆಗ ಬಲಕ್ಕೆ, ಡಾಂಬರಿನ ಡ್ರಮ್ಮಿನ ಪಕ್ಕದಲ್ಲಿ, ಒಬ್ಬ ಕೂಲಿ ಹೆಂಗಸು ಕೈ ಎತ್ತಿದಳು. ಇವರು ಗಂಟೆ ಬಾರಿಸಿದರು, ಜುಲೇ ಎಂದರು, ದಾಟಿ ಹೋದರು. ಹತ್ತು ಹೆಜ್ಜೆಯಷ್ಟು ತುಳಿದಿರಬಹುದು. ಕಾಲು ಮುಂದೆ ತುಳಿಯುತ್ತಿತ್ತು, ಮನಸ್ಸು ಹಿಂದೆಯೇ ನಿಂತಿತ್ತು. ಆ ಕೈಯಲ್ಲಿ ಏನೋ ಬೇರೆ ಇತ್ತು.

“ಖುಷಿಲಿಂದ ಎತ್ತಿದ ಕೈ ಅಲ್ಲಾಡ್ತದ್ರಿ,” ಎಂದು ಸಂಘಮಿತ್ರಾ ತಮ್ಮ ಕೈ ಎತ್ತಿ ತೋರಿಸುತ್ತಾರೆ. “ಬೇಕಾಗಿ ಎತ್ತಿದ ಕೈ ಅಲ್ಲಾಡಂಗಿಲ್ಲ. ನಿಂತೇ ಇರ್ತದ.”

ತಿರುಗಿ ನೋಡಿದರೆ ಆ ಕೈ ಇನ್ನೂ ಹಾಗೆಯೇ ನಿಂತಿತ್ತು. ಸಂಘಮಿತ್ರಾ ಸೈಕಲ್ ತಿರುಗಿಸಿ ಇಳಿದು ಬಂದರು. ಡ್ರಮ್ಮಿನ ಹಿಂದೆ ಇನ್ನೊಬ್ಬ ಹೆಂಗಸು, ಚಿಕ್ಕ ವಯಸ್ಸಿನವಳು, ಮಲಗಿದ್ದಳು. ತುಟಿ ನೀಲಿಗಟ್ಟಿತ್ತು, ಉಸಿರಿಗೆ ಒದ್ದಾಡುತ್ತಿದ್ದಳು. ಜಾರ್ಖಂಡದಿಂದ ಬಂದು ವಾರವೂ ಆಗಿರಲಿಲ್ಲವಂತೆ. ಇಂಥ ಎತ್ತರದ ಗಾಳಿ ಅವಳ ಮೈಗೆ ಹಿಡಿಸಿರಲಿಲ್ಲ. ಅವರ ಉಳಿದ ಜನ ಕೆಳಗೆ ಎಲ್ಲೋ ಕೆಲಸದಲ್ಲಿದ್ದರು. ಫೋನಿಗೆ ಸಿಗ್ನಲ್ ಇಲ್ಲ. ಮೇಲೆ ಹೋದ ಸವಾರರೆಲ್ಲ ಕೈ ಬೀಸಿ ಹೋಗಿದ್ದರು, ಅವರಿಗಾದರೂ ಏನು ಗೊತ್ತು, ಪಾಪ. ಆಳಂದದ ಸಂತೆಯಲ್ಲಿ ಕಲಿತ ಹಿಂದಿಯಲ್ಲಿ ಸಂಘಮಿತ್ರಾ ಧೈರ್ಯ ಹೇಳಿದರು, ಆ ಹುಡುಗಿಯ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು, ತಮ್ಮ ಜಾಕೆಟ್ ಬಿಚ್ಚಿ ಹೊದಿಸಿದರು. ಹಿಂದೆ ಬರುವ ಟೆಂಪೋಗಾಗಿ ದಾರಿ ಕಾಯುತ್ತ ಕೂತರು. ಇಷ್ಟು ದಿನ ಅದು ಬರದಿದ್ದರೆ ಸಾಕು ಎಂದವರು ಅಂದು ಬೇಗ ಬರಲಿ ಎಂದು ಬೇಡಿಕೊಂಡರು.

ಟೆಂಪೋ ಬಂತು. ಗೈಡ್ ಆಕ್ಸಿಜನ್ ಕೊಟ್ಟು, ಕೂಡಲೇ ಕೆಳಗಿನ ಮಿಲಿಟರಿ ಕ್ಯಾಂಪಿನ ಡಾಕ್ಟರ ಹತ್ತಿರ ಒಯ್ಯಬೇಕು ಎಂದ. ಅಷ್ಟರಲ್ಲಿ ಮೋಡ ಕವಿದು ಹಿಮ ಉದುರತೊಡಗಿತ್ತು. ಹಿಂದೆ ಗಾಡಿಯಿಲ್ಲದೆ ಒಬ್ಬ ಸವಾರನನ್ನೂ ಏರಿನಲ್ಲಿ ಬಿಡುವಂತಿಲ್ಲ, ನೀವೂ ಹತ್ತಿ ಎಂದ. ಎರಡೇ ತಿರುವು ಅಣ್ಣಾ, ನಾನು ತುಳಿದು ಮೇಲೆ ನಿಂತಿರುತ್ತೇನೆ ಎಂದು ಸಂಘಮಿತ್ರಾ ಒಂದು ಸಲ ಕೇಳಿದರು. ಅವನು ತಲೆ ಅಲ್ಲಾಡಿಸಿದ. ಇವರು ಎರಡನೆಯ ಸಲ ಕೇಳಲಿಲ್ಲ. ಆ ಹುಡುಗಿ ಇವರ ಬೆರಳು ಬಿಟ್ಟಿರಲಿಲ್ಲ. ಸೈಕಲ್ಲು ಟೆಂಪೋದ ಮೇಲೆ ಹೋಯಿತು, ಸಂಘಮಿತ್ರಾ ಒಳಗೆ ಕೂತರು, ಗಾಡಿ ಬಂದ ದಾರಿಯಲ್ಲೇ ಕೆಳಗಿಳಿಯಿತು.

ಡಾಕ್ಟರು ಜೀವಕ್ಕೆ ಅಪಾಯವಿಲ್ಲ ಎಂದ ಮೇಲೆ ಅದೇ ಟೆಂಪೋದಲ್ಲಿ ಅವರು ಘಟ್ಟ ದಾಟಿದರು. ತುದಿ ಬಂದದ್ದೂ ತಿಳಿಯಲಿಲ್ಲ, ಗಾಜಿನಾಚೆ ಬರೀ ಬಿಳಿ. ಆ ಕಡೆಯ ಇಳಿಜಾರಿನ ಊರಿನಲ್ಲಿ ಕಾಯುತ್ತಿದ್ದ ಗುಂಪಿನವರು ವಿಷಯ ಕೇಳಿ ಒಬ್ಬೊಬ್ಬರಾಗಿ ಬಂದು ಅಪ್ಪಿಕೊಂಡರು. ಹಲ್ಲಿನ ಡಾಕ್ಟರು, ನೀವು ದಾಟಿದಿರಿ ಅಂತಲೇ ಹೇಳಿಬಿಡಿ, ನಾವ್ಯಾರೂ ಬಾಯಿ ಬಿಡುವುದಿಲ್ಲ ಎಂದರು. ಸಂಘಮಿತ್ರಾ ಅದಕ್ಕೆ ಒಪ್ಪಲಿಲ್ಲ. ಅಂಥ ಸುಳ್ಳು ಗೆಲುವಿಗೆ ಕಟ್ಟುಬಿದ್ದು ಗಂಡ ಸೈಕಲ್ ಹತ್ತಿದರೆ ಅದು ಎಷ್ಟು ದಿನ ನಡೆದೀತು ಎಂಬುದು ಅವರ ಪ್ರಶ್ನೆ.

ಲೇಹ್ ಮುಟ್ಟಿದ ಮೇಲೆ ಫೋನು ಹಿಡಿಯಿತು. ಬೇಕರಿಯಲ್ಲಿ ಜಗದೇವ ಫೋನ್ ಎತ್ತಿದರು. ಸಂಘಮಿತ್ರಾ ಕ್ಷೇಮ ಸಮಾಚಾರಕ್ಕೂ ಕಾಯದೆ, ನಾ ಸೋತೆರಿ, ಗಾಡಿ ಹತ್ತಿದೆ, ಇನ್ನ ಸೈಕಲ್ಲಿನ ಸುದ್ದಿ ತಗಿಯಂಗಿಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರು. ಹೇಳಿ ಮುಗಿಯುವಷ್ಟರಲ್ಲಿ ಅಳು ಬಂತು. ಎರಡೇ ತಿರುವು ಉಳಿದಾಗ ಯಾಕೆ ನಿಂತೆ ಎಂದು ಜಗದೇವ ಕೇಳಿದರು. ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

“ಕೈ ಎತ್ತಿದ್ರ ನಿಲ್ಲಬೇಕಂತ ನಿನಗ ಯಾರು ಕಲಿಸ್ಯಾರ?” ಎಂದರು ಜಗದೇವ.

“ನೀವೇ ಕಲಿಸೀರಿ.”

“ಅಂದ ಮ್ಯಾಲ ನಿನ್ನ ಸೋಲಿಸಿದ್ದು ನನ್ನ ಮಾತು. ನಾ ಕಲಿಸಿದ್ದು ನೀ ಬಿಟ್ಟಿಲ್ಲ, ನಾನೇ ಬಿಟ್ಟು ಕುಂತೀನಿ. ಸೋತಾಂವ ನಾ, ನೀ ಅಲ್ಲ.” ಹಿಂದೆಯೇ, “ಸೋತವರು ಮಾತು ನಡಸಬೇಕಂತ ಚಾಚಾ ಇಲ್ಲೇ ನಿಂತು ಹೇಳಾಕತ್ತಾರ,” ಎಂದರು.

ಮುಂದಿನದನ್ನು ಬುರಾನುದ್ದೀನ ಚಾಚಾ ಹೇಳಬೇಕು, ಅವರೇ ಕಂಡವರು. ಮರುದಿನ ಮುಂಜಾನೆ ಜಗದೇವ ಹೆಂಡತಿಯ ಸೈಕಲ್ಲಿಗೆ ಒಂದೇ ಒಂದು ಲಾದಿ ಕಟ್ಟಿದರು. ಊರ ಹೊರಗಿನವರೆಗೆ ತಳ್ಳಿಕೊಂಡು ಹೋದರು. ಚಾಚಾ 'ಏನೂ ಕೆಲಸವಿಲ್ಲದವರಂತೆ' ಹಿಂದೆ ಹಿಂದೆ ನಡೆದರು. ಬೇವಿನ ಗಿಡದ ಕೆಳಗೆ ಜಗದೇವ ನಿಂತೇ ನಿಂತರು. ಒಂದು ಟ್ರಾಕ್ಟರ್ ಹೋಯಿತು, ಅವರು ಹ್ಯಾಂಡಲ್ ಬಿಡಲಿಲ್ಲ. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಅವರು ಪೆಡಲಿನ ಮೇಲೆ ಕಾಲಿಟ್ಟರು. ಮೊದಲ ಹೊಲದ ಮನೆಯವರೆಗೆ ಹೋಗಿ ಬಂದಾಗ ಅಂಗಿ ಹಿಂಡುವಷ್ಟು ಒದ್ದೆಯಾಗಿತ್ತು. ಚಾಚಾ ಏನನ್ನೂ ಕೇಳದೆ ಚಹಾ ಕೊಟ್ಟರಂತೆ. ಇದನ್ನು ಹೇಳುವಾಗ ಚಾಚಾ ಕಣ್ಣು ಒರೆಸಿಕೊಂಡು, ಭಟ್ಟಿಯ ಹೊಗೆ ಎನ್ನುತ್ತಾರೆ. ಭಟ್ಟಿ ಆರಿ ಬಹಳ ಹೊತ್ತಾಗಿರುತ್ತದೆ.

ಈಗ ಮನೆಯ ಮುಂದೆ ಎರಡು ಸೈಕಲ್ಲು ನಿಲ್ಲುತ್ತವೆ. ಸರಸಂಬಾದ ಕಡೆ ಸಂಘಮಿತ್ರಾ, ಕಿಣ್ಣಿ ಸುಲ್ತಾನದ ಕಡೆ ಜಗದೇವ. ಹಾರ್ನ್ ಹೊಡೆದು ಹಾರಿ ಹೋಗುತ್ತಿದ್ದ ಮೆಹಬೂಬನ ಕಾಟ ತಪ್ಪಿತೆಂದು ಗಿರಾಕಿಗಳಿಗೆ ನೆಮ್ಮದಿ. ದೊಡ್ಡ ಗಾಡಿ ಬಂದರೆ ಜಗದೇವ ಇವತ್ತಿಗೂ ಇಳಿದು ರಸ್ತೆಯ ಪಕ್ಕಕ್ಕೆ ನಿಲ್ಲುತ್ತಾರೆ, ಅದು ಹೋದ ಮೇಲೆ ಹತ್ತುತ್ತಾರೆ. ಶಿಳ್ಳೆ ಇನ್ನೂ ಪೂರ್ತಿ ಮರಳಿಲ್ಲ, ಊರು ಹತ್ತಿರ ಬಂದಾಗ ಮಾತ್ರ ಕೇಳುತ್ತದಂತೆ. ಇಬ್ಬರಲ್ಲಿ ಯಾರ ಬುಟ್ಟಿ ಮೊದಲು ಖಾಲಿಯಾಯಿತು ಎಂಬ ಜಗಳ ದಿನಾ ಊಟದ ಹೊತ್ತಿಗೆ ನಡೆದೇ ನಡೆಯುತ್ತದೆ.

ಇಷ್ಟೆಲ್ಲ ಆಗಿ, ಆ ಘಟ್ಟದ ತುದಿ ಮುಟ್ಟಲಿಲ್ಲವಲ್ಲ ಎಂಬ ಬೇಸರ ಇದೆಯೇ ಎಂದು ಕೇಳಿದರೆ ಸಂಘಮಿತ್ರಾ ಖಾಲಿ ಬುಟ್ಟಿಯಿಂದ ಪಾವಿನ ಪುಡಿ ಕೊಡವಿ ಗುಬ್ಬಿಗಳಿಗೆ ಚೆಲ್ಲುತ್ತಾರೆ. ಒಳಗೆ ಕೂತ ಗಂಡನಿಗೆ ಕೇಳಿಸಬಾರದೆಂದು ದನಿ ತಗ್ಗಿಸುತ್ತಾರೆ.

“ಎರಡು ತಿರುವು ಉಳದಾವರಿ ಅಲ್ಲಿ. ಅವರ ಕಾಲು ಇನ್ನೊಂಚೂರು ಗಟ್ಟಿ ಆಗ್ಲಿ, ಇಬ್ಬರೂ ಕೂಡಿ ಹೋಗಿ ತುಳೀತೇವಿ. ಒಬ್ಬಾಕಿನೇ ತುಳದು ಬಂದಿದ್ರ ಅವರಿಗೆ ಏನ್ರಿ ಉಳೀತಿತ್ತು?”